ಐದಡಿ ದೋಣಿಯ ಶಾಫ್ಟ್

ದೋಣಿ ಬಂದದ್ದು ಗೂಡ್ಸ್ ಟೆಂಪೋದಲ್ಲಿ, ಹಳೆಯ ಹಾಸಿಗೆಯೊಂದರ ಮೇಲೆ. ಇಳಿಸುವಾಗ ಆಚಾರ್ರು ಡ್ರೈವರನಿಗೂ ಕೈ ಹಾಕಲು ಬಿಡಲಿಲ್ಲ. ಮೂತಿಯನ್ನು ತಾವು ಹಿಡಿದು, ಹಿಂಭಾಗವನ್ನು ನನಗೆ ಹಿಡಿಯಲು ಹೇಳಿದರು. ಐದಡಿ ಉದ್ದ, ಹದಿನೇಳು ಅಂಗುಲ ಅಗಲ. ಮೆರೈನ್ ಪ್ಲೈವುಡ್ಡಿನ ಮೈ, ಉದ್ದಕ್ಕೂ ಗಟ್ಟಿ ಮರದ ಒಂದೇ ಅಡಿಮರ. ಲೇತ್ ಪಕ್ಕದ ಬೆಂಚಿನ ಮೇಲೆ ಇಟ್ಟ ಮೇಲೆ ಅವರು ಜೇಬಿನಿಂದ ನೂಲು ತೆಗೆದು ಮೂತಿಯಿಂದ ಹಿಂಬದಿಯ ಹಲಗೆಯವರೆಗೆ ಬಿಗಿದು ತೋರಿಸಿದರು. ನೂಲು ಅಡಿಮರದ ನಟ್ಟನಡುವೆ ನಿಂತಿತ್ತು.

"ನನ್ನ ಕೆಲಸ ಇಷ್ಟು. ಇನ್ನು ನಿಮ್ಮದು ಬಾಯಮ್ಮ" ಅಂದರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುವುದು.

ಆಚಾರ್ರು ಉಚ್ಚಿಲದವರು. ಮೂವತ್ತು ವರ್ಷ ಮರದ ಮೀನುಗಾರಿಕೆ ದೋಣಿ ಕಟ್ಟಿದವರು. ನನ್ನ ವರ್ಕ್‌ಶಾಪ್ ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಇತ್ತು. ನಾನು ಐಟಿಐಯಲ್ಲಿ ಟರ್ನರ್ ಕಲಿತವಳು. ಅಣ್ಣ ಮಸ್ಕತ್ತಿಗೆ ಹೋದ ಮೇಲೆ ಅವನ ಲೇತನ್ನು ನಾನೇ ನಡೆಸುತ್ತಿದ್ದೆ. ಬೋಟುಗಳ ಸವೆದ ಶಾಫ್ಟ್, ಬುಷ್, ಪಂಪಿನ ಭಾಗಗಳು ಬರುತ್ತಿದ್ದವು. ಅಳತೆಗೆ ತಕ್ಕಂತೆ ತಿರುವಿ ಕೊಡುವುದು ನನ್ನ ಕೆಲಸ. ಅದನ್ನು ಬೋಟಿನೊಳಗೆ ಕೂರಿಸುವುದು ಯಾವಾಗಲೂ ಬೇರೆಯವರದ್ದು. ಈ ಸಲ ಕೂರಿಸುವುದೂ ನನ್ನದೇ ಆಗಿತ್ತು. ಎರಡು ಸಾವಿರದ ಎರಡನೆಯ ಇಸವಿಯ ಮಳೆಗಾಲ ಮುಗಿದಿತ್ತು.

ಆ ಮಾದರಿ ಆಟದ ವಸ್ತುವಲ್ಲ. ಉಚ್ಚಿಲದ ಐದು ಮಂದಿ ಮೀನುಗಾರರು ಪಾಲಿನಲ್ಲಿ ಮೂವತ್ತಡಿಯ ದೋಣಿ ಮಾಡಿಸುವವರಿದ್ದರು. ಎಲ್ಲರೂ ಫೈಬರಿನ ಕಡೆ ತಿರುಗಿದ್ದ ಕಾಲ. ಆಚಾರ್ರು ಮೆರೈನ್ ಪ್ಲೈವುಡ್ಡಿನಲ್ಲಿ ಒಂದು ಹೊಸ ಆಕಾರ ಯೋಚಿಸಿದ್ದರು: ಅಡಿ ಸ್ವಲ್ಪ ಚಪ್ಪಟೆ, ಬದಿ ಚೂಪಾಗಿ ಮಡಿಚಿದ್ದು, ಒಳಗೆ ಸಣ್ಣ ಡೀಸೆಲ್ ಇಂಜಿನ್. ಪಾಲುದಾರರ ಮುಖ್ಯಸ್ಥರಾದ ತಾಂಡೇಲರಿಗೆ ಅದರ ಮೇಲೆ ನಂಬಿಕೆ ಬಂದಿರಲಿಲ್ಲ. ವೇಗದಲ್ಲಿ ಅದು ನೆಟ್ಟಗೆ ಓಡುತ್ತದೆಯೇ, ತೆರೆಗೆ ಮಗುಚದೆ ನಿಲ್ಲುತ್ತದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ತೀರ್ಮಾನ ಎಂದಿದ್ದರು. ಹಾಗಾಗಿ ಆರನೇ ಒಂದು ಅಳತೆಯ ಈ ದೋಣಿ. ಓಡಿದರೆ ಆಚಾರ್ರಿಗೆ ಕೆಲಸ. ಓಡದಿದ್ದರೆ ಫೈಬರ್.

ಇಂಜಿನ್ ಅವರೇ ತಂದಿದ್ದರು. ಹುಲ್ಲು ಕತ್ತರಿಸುವ ಯಂತ್ರದ್ದು, ಹಗ್ಗ ಎಳೆದು ಶುರು ಮಾಡುವ ಎರಡು ಸ್ಟ್ರೋಕಿನ ಪೆಟ್ರೋಲ್ ಇಂಜಿನ್. ಯಂತ್ರದ ಉದ್ದದ ಕೊಳವೆ ಮುರಿದು ಮೂಲೆ ಸೇರಿದ್ದರೂ ಇಂಜಿನ್ನಿಗೆ ಏನೂ ಆಗಿರಲಿಲ್ಲ. ದೂರದಿಂದ ನಡೆಸುವ ರೇಡಿಯೋ ಪೆಟ್ಟಿಗೆಯನ್ನು ಮಣಿಪಾಲದ ಒಬ್ಬ ಉಪನ್ಯಾಸಕರು ಕೊಟ್ಟಿದ್ದರು. ಅವರಿಗೆ ಮಾದರಿ ವಿಮಾನ ಹಾರಿಸುವ ಹವ್ಯಾಸ. ಜನವರಿ ಕೊನೆಗೆ ವಾಪಸು ಬೇಕು ಎಂದು ಎರಡು ಸಲ ಹೇಳಿ ಕೊಟ್ಟಿದ್ದರು.

ಮೊದಲು ಇಂಜಿನ್ ಎಲ್ಲಿ ಕೂರಬೇಕೆಂದು ಗೊತ್ತಾಗಬೇಕಿತ್ತು. ನೆರೆಮನೆಯವರ ತೋಟದ ಸಿಮೆಂಟ್ ಟ್ಯಾಂಕಿನಲ್ಲಿ ದೋಣಿಯನ್ನು ತೇಲಿಸಿ, ಇಂಜಿನ್ನಿನಷ್ಟೇ ತೂಕದ ಮರಳಿನ ಚೀಲವನ್ನು ಹಿಂದೆ ಮುಂದೆ ಸರಿಸಿ ನೋಡಿದೆ. ಆಚಾರ್ರು ಬದಿಯಲ್ಲಿ ಕೆಂಪು ಪೆನ್ಸಿಲಿನಿಂದ ನೀರಿನ ಗೆರೆ ಎಳೆದಿದ್ದರು. ನೀರು ಆ ಗೆರೆಗೆ ಸರಿಯಾಗಿ ಮುಟ್ಟಿದ ಜಾಗಕ್ಕೆ ಗುರುತು ಹಾಕಿದೆ. ಅದು ನಡುವಿನಿಂದ ನಾಲ್ಕು ಅಂಗುಲ ಹಿಂದೆ.

ಆಮೇಲೆ ಇಂಜಿನ್ನಿನಿಂದ ಪ್ರೊಪೆಲ್ಲರಿಗೆ ಹೋಗುವ ಶಾಫ್ಟಿನ ಇಳಿಜಾರು. ರಟ್ಟಿನ ಮೇಲೆ ದೋಣಿಯ ಹಿಂಭಾಗವನ್ನು ನಿಜ ಅಳತೆಯಲ್ಲಿ ಬರೆದೆ. ಇಂಜಿನ್ನಿನ ಕ್ಲಚ್ ಡ್ರಮ್ ಅಡಿಹಲಗೆಗೆ ತಾಗಬಾರದು, ಪ್ರೊಪೆಲ್ಲರಿನ ತುದಿಗೂ ದೋಣಿಯ ಹೊಟ್ಟೆಗೂ ನಡುವೆ ಅರ್ಧ ಅಂಗುಲವಾದರೂ ಬೇಕು, ಇಳಿಜಾರು ಹೆಚ್ಚಾದರೆ ಶಕ್ತಿಯೆಲ್ಲ ಹಿಂಭಾಗವನ್ನು ಮೇಲೆತ್ತಲು ಹೋಗುತ್ತದೆ. ಗೆರೆ ಎಳೆದು ಅಳಿಸಿ ಎಂಟು ಡಿಗ್ರಿಗೆ ನಿಲ್ಲಿಸಿದೆ. ಎಂಟು ಮಿಲಿಮೀಟರಿನ ಸ್ಟೇನ್‌ಲೆಸ್ ರಾಡಿನಿಂದ ಶಾಫ್ಟ್, ಅದು ಹಾದುಹೋಗಲು ಹಿತ್ತಾಳೆಯ ಕೊಳವೆ, ಶಾಫ್ಟ್ ಅಲ್ಲಾಡದಂತೆ ಕೊಳವೆಯ ಎರಡು ತುದಿಗೂ ನಾನೇ ತಿರುವಿದ ಬುಷ್, ಮಧ್ಯದಲ್ಲಿ ಗ್ರೀಸ್ ತುಂಬಲು ಒಂದು ನಿಪ್ಪಲ್. ಇದೆಲ್ಲ ನನಗೆ ಗೊತ್ತಿದ್ದ ಕೆಲಸ. ಎರಡು ದಿನದಲ್ಲಿ ಮುಗಿಯಿತು.

ಕೊಳವೆ ಅಡಿಮರವನ್ನು ತೂರಿ ಹೊರಗೆ ಬರಬೇಕು. ಆಚಾರ್ರು ಅಡಿಮರವನ್ನು ಗರಗಸದಿಂದ ಸೀಳಿ, ಕೊಳವೆ ಇಟ್ಟು, ಮತ್ತೆ ಮರ ತುಂಬಿಸಿ ಮುಚ್ಚುವ ಎಂದಿದ್ದರು. ಸೀಳಿದರೆ ಬಲ ಹೋಗುತ್ತದೆ, ಡ್ರಿಲ್ ಮಾಡುತ್ತೇನೆ ಎಂದು ನಾನು ಹೇಳಿದೆ. ಡ್ರಿಲ್ಲಿನ ಬಿಟ್ಟಿಗೆ ಉದ್ದದ ರಾಡ್ ಬೆಸೆದು, ಒಳಗಿನಿಂದ ಹೊರಕ್ಕೆ ಆರು ಅಂಗುಲ ಮರ ಕೊರೆದೆ. ಗಟ್ಟಿ ಮರ. ಒಳಗೆ ಎಳೆ ಎತ್ತ ತಿರುಗಿದೆ ಎಂದು ಕಾಣುವುದಿಲ್ಲ. ಬಿಟ್ ಆ ಎಳೆಯನ್ನು ಹಿಡಿದು ಜಾರಿತ್ತು. ಹೊರಗೆ ಬಂದಾಗ ನಡುಗೆರೆಯಿಂದ ನಾಲ್ಕು ಮಿಲಿಮೀಟರ್ ಬಲಕ್ಕೆ ಬಂದಿತ್ತು.

ನಾಲ್ಕು ಮಿಲಿಮೀಟರ್ ಏನು ಮಹಾ ಎಂದುಕೊಂಡೆ. ಕೊಳವೆಯನ್ನು ಆ ತೂತಿನಲ್ಲೇ ಎಪಾಕ್ಸಿ ಅಂಟು ಹಾಕಿ ಕೂರಿಸಿದೆ. ಮರುದಿನ ಇಂಜಿನ್ ಇಡಲು ಹೋದಾಗ ಗೊತ್ತಾಯಿತು, ತೂತು ಓರೆ ಇದ್ದ ಕಾರಣ ಕೊಳವೆಯ ಒಳತುದಿ ನಡುಗೆರೆಯಿಂದ ಹನ್ನೊಂದು ಮಿಲಿಮೀಟರ್ ಎಡಕ್ಕೆ ಹೋಗಿ ನಿಂತಿತ್ತು. ಇಂಜಿನ್ನನ್ನು ಶಾಫ್ಟಿಗೆ ಹೊಂದಿಸಬೇಕು, ಶಾಫ್ಟನ್ನು ಇಂಜಿನ್ನಿಗೆ ಅಲ್ಲ. ಇದು ನಾನು ಕಲಿತ ಪಾಠ. ಆ ಪಾಠದಂತೆ ಇಂಜಿನ್ನಿನ ಎಡಗಡೆಯ ಮರದ ಹಾಸನ್ನು ಕೆತ್ತಿ, ಬಲಗಡೆಗೆ ಪಟ್ಟಿ ಸೇರಿಸಿ, ಇಡೀ ಇಂಜಿನ್ನನ್ನೇ ಓರೆಯಾಗಿ ಕೂರಿಸಿದೆ. ಜೋಡಿಸಿ ಕೈಯಿಂದ ತಿರುಗಿಸಿದರೆ ಎಲ್ಲಿಯೂ ಬಿಗಿಯಿಲ್ಲದೆ ಬೆಣ್ಣೆಯಂತೆ ತಿರುಗಿತು. ಹಾಗೆ ತಿರುಗಿದ್ದೇ ನನಗೆ ಸಮಾಧಾನ ಕೊಟ್ಟಿತು. ಆಚಾರ್ರಿಗೆ ಈ ವಿಷಯ ಹೇಳಲಿಲ್ಲ.

ಪ್ರೊಪೆಲ್ಲರ್ ಎರಕ ಹೊಯ್ಯಿಸಲು ಕಾರ್ಕಳಕ್ಕೆ ಹೋದೆ. ಅಲ್ಲಿ ಹಿತ್ತಾಳೆ ಎರಕದವರೊಬ್ಬರು ಸಣ್ಣ ಕೆಲಸವನ್ನೂ ಒಪ್ಪಿಕೊಳ್ಳುತ್ತಿದ್ದರು. ಮೂರು ರೆಕ್ಕೆಯ ಒಂದು ಹಳೆಯ ಪ್ರೊಪೆಲ್ಲರ್ ಮಾದರಿಗೆ ಕೊಟ್ಟು ಬಂದೆ. ವಾರದ ನಂತರ ತಂದು ಶಾಫ್ಟಿಗೆ ಹಾಕಿ, ಹಿಂಭಾಗವನ್ನು ಟ್ಯಾಂಕಿನಲ್ಲಿ ಮುಳುಗಿಸಿ ಇಂಜಿನ್ ಶುರು ಮಾಡಿದರೆ ದೋಣಿ ಹಿಂದಕ್ಕೆ ನುಗ್ಗಿ ಟ್ಯಾಂಕಿನ ಗೋಡೆಗೆ ಬಡಿಯಿತು. ಈ ಇಂಜಿನ್ ತಿರುಗುವುದು ಬೋಟಿನ ಇಂಜಿನ್ನಿನ ವಿರುದ್ಧ ದಿಕ್ಕಿಗೆ. ನಾನು ಅದನ್ನು ನೋಡಿಯೇ ಇರಲಿಲ್ಲ. ಮತ್ತೆ ಕಾರ್ಕಳದ ಬಸ್ಸು. ಎರಕದವರು ಬೈಯಲಿಲ್ಲ. ಹೀಗೆ ವಿರುದ್ಧ ತಿರುಗುವ ಎಡಗೈ ಪ್ರೊಪೆಲ್ಲರಿಗೆ ಮಾದರಿ ಇಲ್ಲದ ಕಾರಣ ಮೇಣದಲ್ಲಿ ಹೊಸದಾಗಿ ರೆಕ್ಕೆ ಮಾಡಬೇಕಾಗುತ್ತದೆ, ಹತ್ತು ದಿನ ಬೇಕು ಎಂದರು. ಆ ಹತ್ತು ದಿನದಲ್ಲಿ ಚುಕ್ಕಾಣಿ, ಪೆಟ್ರೋಲ್ ಟ್ಯಾಂಕ್, ರೇಡಿಯೋದ ತಂತಿಗಳನ್ನು ಮುಗಿಸಿದೆ.

ಮೊದಲ ಓಟ ಉದ್ಯಾವರ ಹೊಳೆಯಲ್ಲಿ, ಜನವರಿಯ ಒಂದು ಬೆಳಿಗ್ಗೆ, ಸಮುದ್ರದ ಭರತ ಏರಿ ನೀರು ನಿಂತ ಹೊತ್ತಿಗೆ. ಐದು ಪಾಲುದಾರರೂ ಬಂದಿದ್ದರು. ನಿಧಾನದಲ್ಲಿ ದೋಣಿ ಚೆನ್ನಾಗಿಯೇ ಹೋಯಿತು. ವೇಗ ಹೆಚ್ಚಿಸಿದಂತೆ ಬಲಕ್ಕೆ ಎಳೆಯತೊಡಗಿತು. ಚುಕ್ಕಾಣಿಯನ್ನು ಎಡಕ್ಕೆ ಕೊಟ್ಟು ಹಿಡಿದರೆ ಬಲ ಬದಿಗೆ ವಾಲಿಕೊಂಡು ಓಡಿತು. ಪೂರ್ತಿ ವೇಗ ಕೊಟ್ಟಾಗ ಬಲ ಅಂಚಿನಿಂದ ನೀರು ಒಳಗೆ ಬಂದು ಇಂಜಿನ್ ನಿಂತಿತು. ಒಬ್ಬರು ಸಣ್ಣ ದೋಣಿಯಲ್ಲಿ ಹೋಗಿ ಅದನ್ನು ಎಳೆದು ತಂದರು.

ತಾಂಡೇಲರು ನೀರು ಸೋರುತ್ತಿದ್ದ ದೋಣಿಯನ್ನು ಸುತ್ತ ನಡೆದು ನೋಡಿದರು. ಮೈ ತಿರುಚಿಕೊಂಡಿದೆ ಎಂದು ಹೇಳಿದರು. ಪ್ಲೈವುಡ್ಡಿಗೆ ಹಾಗೆ ಆಗುತ್ತದಂತೆ, ಅಂಟು ಒಣಗುವಾಗ ಎಳೆಯುತ್ತದಂತೆ. ಉಳಿದವರು ತಲೆಯಾಡಿಸಿದರು. ನಾನು ಪ್ರೊಪೆಲ್ಲರಿನ ತಿರುಗಾಟಕ್ಕೆ ಸ್ವಲ್ಪ ಎಳೆತ ಇದ್ದೇ ಇರುತ್ತದೆ ಎಂದೇನೋ ಹೇಳಿದೆ. ಅದು ಸುಳ್ಳಲ್ಲ. ಆದರೆ ಅಷ್ಟು ಎಳೆತಕ್ಕೆ ಅದು ಕಾರಣವಲ್ಲ ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಹನ್ನೊಂದು ಮಿಲಿಮೀಟರ್ ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತು. ಬೋಟಿನವರು ಹೆಂಗಸಿನ ಕೈಗೆ ಶಾಫ್ಟ್ ಕೊಡಲು ಶುರು ಮಾಡಿ ಎರಡು ವರ್ಷವೂ ಆಗಿರಲಿಲ್ಲ. ಅವರೆಲ್ಲರ ಎದುರು ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ.

ಆಚಾರ್ರು ದೋಣಿಯನ್ನು ಒರೆಸಿ, ಪರೀಕ್ಷಿಸಿ ನೋಡುತ್ತೇನೆ ಎಂದು ಟೆಂಪೋದಲ್ಲಿ ಉಚ್ಚಿಲಕ್ಕೆ ತೆಗೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ಲೇತ್ ಚಾಲೂ ಮಾಡಿ ಒಂದು ಪಂಪಿನ ಬುಷ್ ಹಿಡಿದೆ. ಎರಡು ಸಲ ಅಳತೆ ತಪ್ಪಿತು. ಯಂತ್ರ ನಿಲ್ಲಿಸಿ, ಬಾಗಿಲು ಹಾಕಿ, ಬಸ್ಸು ಹಿಡಿದು ಉಚ್ಚಿಲಕ್ಕೆ ಹೋದೆ.

ಆಚಾರ್ರ ಕೆಲಸದ ಕೊಟ್ಟಿಗೆಯಲ್ಲಿ ದೋಣಿ ಮಗುಚಿ ಮಲಗಿತ್ತು. ಹೊಟ್ಟೆಯ ಬಣ್ಣವನ್ನು ಅವರು ಕೆರೆದು ತೆಗೆದಿದ್ದರು. ಆರು ಅಂಗುಲಕ್ಕೊಂದರಂತೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ, ಪ್ರತಿ ಗೆರೆಯ ಎರಡೂ ಬದಿಗೆ ಅಂಕೆಗಳು. ಎಡದ ಅಂಕೆಯೂ ಬಲದ ಅಂಕೆಯೂ ಒಂದೇ.

"ಮೂರು ಸಲ ನೋಡಿದೆ" ಅಂದರು. "ಅಳತೆಪಟ್ಟಿಯಲ್ಲಿ ಅರ್ಧ ನೂಲು ವ್ಯತ್ಯಾಸ ಕಾಣುವುದಿಲ್ಲ. ಆದರೂ ಓಡಲಿಲ್ಲ ಅಲ್ವಾ. ನನ್ನ ಕಣ್ಣಿಗೇ ಎಂತದೋ ಆಗಿದೆ ಅಂತ ಕಾಣುತ್ತದೆ. ಮಣಿಪಾಲದ ಆಸ್ಪತ್ರೆಗೆ ಹೋಗಿ ತೋರಿಸಬೇಕು."

ಕುಳಿತುಕೊಳ್ಳಲು ಅವರು ಮಣೆ ಸರಿಸಿದ್ದರು. ನಾನು ಕುಳಿತುಕೊಳ್ಳದೆ ಹೇಳಿದೆ. ಡ್ರಿಲ್ ಜಾರಿದ್ದು, ಕೊಳವೆ ಓರೆಯಾದದ್ದು, ಅದನ್ನು ಮುಚ್ಚಲು ಇಂಜಿನ್ನಿನ ಹಾಸು ಕೆತ್ತಿದ್ದು, ಹೊಳೆಯ ಬದಿಯಲ್ಲಿ ಬಾಯಿ ಮುಚ್ಚಿಕೊಂಡದ್ದು, ಎಲ್ಲ. ದೋಣಿಯನ್ನು ನೆಟ್ಟಗೆ ಮಾಡಿ ಅವರದೇ ನೂಲು ಬಿಗಿದು ಕೊಳವೆಯ ಬಾಯಿ ಎಲ್ಲಿದೆ ಎಂದು ತೋರಿಸಿದೆ. ನೋಡಲು ಸ್ಕೇಲು ಬೇಕಾಗಿರಲಿಲ್ಲ. ಅವರು ತಮ್ಮ ಕೆಲಸವನ್ನಷ್ಟೇ ಅಳೆದಿದ್ದರು, ನನ್ನದನ್ನು ನೋಡಿರಲಿಲ್ಲ.

ಅವರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. 

"ನಿನ್ನೆ ಹೇಳಬಹುದಿತ್ತು" ಅಂದರು.

"ಹೌದು" ಅಂದೆ.

"ತಾಂಡೇಲರಿಗೆ ನಾನು ಹೇಳುವುದಿಲ್ಲ. ನೀವೇ ಹೋಗಿ ಹೇಳಬೇಕು."

ಸಮುದ್ರದ ಬದಿಗೆ ನಡೆದು ಹೋದೆ. ತಾಂಡೇಲರು ನೆರಳಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದರು. ಎಲ್ಲ ಕೇಳಿದ ಮೇಲೂ ಕೈ ನಿಲ್ಲಿಸಲಿಲ್ಲ. ಮೈ ಸರಿ ಇದೆ ಎನ್ನುವುದಕ್ಕೆ ನನ್ನ ಬಾಯಿಮಾತು ಸಾಲದು ಎಂದರು. ಭಾನುವಾರ ಅವರು ಪಡುಬಿದ್ರಿಗೆ ಫೈಬರ್ ದೋಣಿ ನೋಡಲು ಹೋಗುವವರಿದ್ದರು. ಹೊರಡುವುದರೊಳಗೆ ಇನ್ನೊಮ್ಮೆ ಓಡಿಸಿ ತೋರಿಸಿದರೆ ನೋಡುವ, ಇಲ್ಲದಿದ್ದರೆ ಇಲ್ಲ ಎಂದರು. ಅಂದು ಮಂಗಳವಾರ.

ಕೊಳವೆಯನ್ನು ತೆಗೆಯುವುದೇ ದೊಡ್ಡ ಕೆಲಸವಾಯಿತು. ಎಪಾಕ್ಸಿ ಒಮ್ಮೆ ಹಿಡಿದರೆ ಮರ ಹರಿಯಬಹುದು, ಅಂಟು ಬಿಡುವುದಿಲ್ಲ. ಬಡಿದು ತೆಗೆದರೆ ಅಡಿಮರ ಎಳೆಗುಂಟ ಬಿರಿಯುತ್ತದೆ. ಹಾಗೆ ಬಿರಿದರೆ ದೋಣಿಯೇ ಹೋದಂತೆ. ಇನ್ನೊಂದು ದಾರಿ ಇತ್ತು. ಚುಕ್ಕಾಣಿಯನ್ನು ಕಾಯಂ ಆಗಿ ಸ್ವಲ್ಪ ಎಡಕ್ಕೆ ಕಟ್ಟಿ, ಎಡ ಬದಿಗೆ ಸೀಸದ ತುಂಡು ಇಟ್ಟರೆ ಭಾನುವಾರದ ಓಟಕ್ಕೆ ಸಾಕಾಗುವಷ್ಟು ನೆಟ್ಟಗೆ ಹೋಗುತ್ತಿತ್ತು. ಅದನ್ನು ನಾನು ಹೇಳಿದೆ ಕೂಡ. ಆಚಾರ್ರು ನನ್ನನ್ನೇ ನೋಡಿದರು. ಅವರು ಉತ್ತರ ಕೊಡುವ ಮೊದಲೇ ನಾನು, ಬೇಡ, ಕೊಳವೆ ತೆಗೆಯುವ ಎಂದೆ.

ಎಪಾಕ್ಸಿಗೆ ಬಿಸಿ ಆಗುವುದಿಲ್ಲ, ಮೆತ್ತಗಾಗುತ್ತದೆ. ಅದನ್ನೇ ಹಿಡಿದೆವು. ಕೊಳವೆಯೊಳಗೆ ಹೋಗುವಷ್ಟು ದಪ್ಪದ ಕಬ್ಬಿಣದ ರಾಡನ್ನು ಅವರ ಮನೆಯ ಒಲೆಯಲ್ಲಿ ಕಾಯಿಸಿ ಕೊಳವೆಗೆ ತೂರಿಸಿದೆ. ಸುತ್ತಲಿನ ಮರ ಸುಡದ ಹಾಗೆ ಆಚಾರ್ರು ಒದ್ದೆ ಬಟ್ಟೆ ಸುತ್ತಿ ನೀರು ಚಿಮುಕಿಸುತ್ತಿದ್ದರು. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲವೂ ಇಲ್ಲ. ಕೊಳವೆಯ ತುದಿಗೆ ಉದ್ದದ ಬೋಲ್ಟ್ ಕಟ್ಟಿ, ಮರದ ದಿಮ್ಮಿಗೆ ತಾಗಿಸಿ, ನಟ್ ಬಿಗಿಸುತ್ತಾ ಎಳೆಯುವ ಏರ್ಪಾಡು ಮಾಡಿಕೊಂಡೆ. ಐದನೇ ಸಲ ರಾಡ್ ಹಾಕಿದಾಗ ಅಂಟಿನ ವಾಸನೆ ಬಂತು. ನಟ್ಟನ್ನು ಕಾಲು ಸುತ್ತು ತಿರುಗಿಸಿದೆ. ಟಿಕ್ ಎಂದು ಒಂದು ಸದ್ದು. ಇಬ್ಬರೂ ಅಡಿಮರವನ್ನು ನೋಡಿದೆವು. ಮರ ಬಿರಿದಿರಲಿಲ್ಲ, ಕೊಳವೆ ಒಂದು ನೂಲು, ಅಂಗುಲದ ಎಂಟನೇ ಒಂದು ಪಾಲಿನಷ್ಟು, ಹೊರಗೆ ಬಂದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಪೂರ್ತಿ ಕೈಗೆ ಬಂತು.

ಆಮೇಲೆ ಅವರು ಹೇಳಿದ ಹಾಗೆಯೇ ಮಾಡಿದೆವು. ಹಳೆಯ ತೂತಿಗೆ ಮರದ ಗೂಟ ಹೊಡೆದು ಅಂಟಿಸಿ, ಒಂದು ದಿನ ಒಣಗಲು ಬಿಟ್ಟು, ಅಡಿಮರವನ್ನು ನಡುಗೆರೆಯಲ್ಲಿ ಗರಗಸದಿಂದ ಸೀಳಿದರು. ಉಳಿಯಿಂದ ಅವರು ಅಗಲ ಮಾಡುತ್ತಾ ಹೋಗುವಾಗ ನಾನು ಕೊಳವೆ ಇಟ್ಟು ನೋಡುತ್ತಿದ್ದೆ. ಈ ಸಲ ಅಳತೆಗೆ ಬಿಗಿದ ಉಕ್ಕಿನ ತಂತಿ. ಇಂಜಿನ್ನಿನ ಜಾಗದಿಂದ ಪ್ರೊಪೆಲ್ಲರಿನ ಜಾಗಕ್ಕೆ ತಂತಿ ಎಳೆದು, ಅದರ ಮೇಲೆ ಕೊಳವೆ ಪೋಣಿಸಿ, ಎರಡೂ ಬಾಯಲ್ಲಿ ತಂತಿ ನಟ್ಟನಡುವೆ ಬರುವವರೆಗೆ ತೆಳು ಮರದ ಚೂರು ಸಿಕ್ಕಿಸಿದೆವು. ಒಂದೇ ಸಲಕ್ಕೆ ಎಪಾಕ್ಸಿ ಸುರಿಯಲಿಲ್ಲ. ಮೊದಲು ನಾಲ್ಕು ಚುಕ್ಕೆ ಹಾಕಿ ಹಿಡಿಸಿ, ಒಣಗಿದ ಮೇಲೆ ತಂತಿ ಮತ್ತೆ ನೋಡಿ, ಆಮೇಲೆ ತುಂಬಿಸಿದೆ. ಅವರು ಮೇಲಿನಿಂದ ಮರದ ಪಟ್ಟಿ ಕೂರಿಸಿ ಮುಚ್ಚಿದರು. ಅಡಿಮರದ ಬಲದ ಬಗ್ಗೆ ನಾನು ಹೆದರಿದ್ದು ವ್ಯರ್ಥವಾಗಿತ್ತು. ಪಟ್ಟಿ ಕೂತ ಮೇಲೆ ಉಗುರಿಗೆ ಸಂದು ಸಿಗುತ್ತಿರಲಿಲ್ಲ.

ಇಂಜಿನ್ನಿಗೆ ಹೊಸ ಹಾಸು ಮಾಡಿದೆ, ಅಡಿಗೆ ರಬ್ಬರ್ ವಾಶರ್ ಕೊಟ್ಟೆ. ಮೊದಲು ಹಾಕಿದ್ದ ಗಟ್ಟಿ ಜೋಡಣೆಯ ಬದಲು ಎರಡು ಕಡೆ ಮಡಚುವ ಸಣ್ಣ ಜಾಯಿಂಟ್ ತಿರುವಿ ಹಾಕಿದೆ. ಓರೆ ಮುಚ್ಚಲಿಕ್ಕಲ್ಲ, ಇಂಜಿನ್ನಿನ ನಡುಕ ಶಾಫ್ಟಿಗೆ ಹೋಗದಿರಲಿಕ್ಕೆ. ಜಾಯಿಂಟ್ ಹಾಕುವ ಮೊದಲು ಇಂಜಿನ್ ಮತ್ತು ಶಾಫ್ಟಿನ ಎದುರಾಗುವ ಎರಡು ಮುಖಗಳ ನಡುವೆ ಕಾಗದದ ಚೂರು ಇಟ್ಟು ಸುತ್ತಲೂ ಎಳೆದು ನೋಡಿದೆ. ಮೇಲೆ, ಕೆಳಗೆ, ಎಡ, ಬಲ, ನಾಲ್ಕೂ ಕಡೆ ಒಂದೇ ಬಿಗಿ. ಶನಿವಾರ ಸಂಜೆ ಗ್ರೀಸ್ ತುಂಬಿ ಮುಗಿಸಿದೆ. ಈ ನಾಲ್ಕು ದಿನ ಆಚಾರ್ರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಹೊರಡುವಾಗ ಅವರ ಹೆಂಡತಿ ಬಾಳೆಲೆಯಲ್ಲಿ ಕಟ್ಟಿದ ಕೆಸುವಿನೆಲೆಯ ಪತ್ರೊಡೆ ಕೊಟ್ಟರು. ಆಚಾರ್ರು ಹೇಳಿ ಕೊಡಿಸಿದ್ದೋ, ಆಕೆಯೇ ಕೊಟ್ಟದ್ದೋ ಗೊತ್ತಾಗಲಿಲ್ಲ.

ಭಾನುವಾರ ನಾನು ಬೆಳಗಿನ ಪೂಜೆಗೆ ಇಗರ್ಜಿಗೆ ಹೋಗಲಿಲ್ಲ. ನೇರ ಹೊಳೆಗೆ ಹೋದೆ. ತಾಂಡೇಲರು ಪಡುಬಿದ್ರಿಗೆ ಹೋಗುವ ಬಿಳಿ ಅಂಗಿಯಲ್ಲೇ ಬಂದಿದ್ದರು. ಜೊತೆಗೆ ಪಾಲುದಾರರಲ್ಲಿ ಇಬ್ಬರು ಮಾತ್ರ.

ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಇಂಜಿನ್ ಹಿಡಿಯಿತು. ನಿಧಾನಕ್ಕೆ ನಡುಹೊಳೆಗೆ ಬಿಟ್ಟು, ಮೂತಿಯನ್ನು ಆಚೆ ದಡದ ತೆಂಗಿನ ಮರವೊಂದಕ್ಕೆ ಗುರಿ ಮಾಡಿ ವೇಗ ಕೊಟ್ಟೆ. ಬಲಕ್ಕೆ ಸ್ವಲ್ಪ ಎಳೆಯಿತು, ಪ್ರೊಪೆಲ್ಲರಿನದ್ದು. ಬೆರಳು ಒಂದಿಷ್ಟು ಸರಿಸಿದರೆ ಸಾಕಾಯಿತು. ಪೂರ್ತಿ ವೇಗ. ಮೂತಿ ಎದ್ದಿತು, ಮೈ ಮಟ್ಟವಾಗಿಯೇ ಇತ್ತು, ಹಿಂದೆ ನೊರೆಯ ಗೆರೆ ನೇರವಾಗಿ ಬಿದ್ದಿತು. ತಿರುಗಿಸಿ ತಂದೆ. ಒಳಗೆ ಒಂದು ಹನಿ ನೀರಿರಲಿಲ್ಲ.

ತಾಂಡೇಲರು ಅಲ್ಲೇ ಕಟ್ಟಿದ್ದ ಇಂಜಿನ್ ದೋಣಿಯೊಂದನ್ನು ಬಿಚ್ಚಿ, ಹೊಳೆಯಲ್ಲಿ ಜೋರಾಗಿ ಒಂದು ಸುತ್ತು ಹೊಡೆದರು. ಅದು ಎಬ್ಬಿಸಿದ ತೆರೆಗೆ ಅಡ್ಡಲಾಗಿ ಓಡಿಸಲು ಕೈ ಮಾಡಿದರು.  ದೋಣಿ ಮೊದಲ ತೆರೆಗೆ ಹಾರಿತು, ಎರಡನೆಯದಕ್ಕೆ ಬದಿ ಕೊಟ್ಟು ವಾಲಿತು, ತಾನಾಗಿ ಎದ್ದುಕೊಂಡು ಮುಂದೆ ಹೋಯಿತು. ಇನ್ನೆರಡು ಸಲ ಹಾಗೆಯೇ ಮಾಡಿಸಿದರು. ಪೆಟ್ರೋಲ್ ಮುಗಿಯುವವರೆಗೆ ಓಡಿತು.

ದಡಕ್ಕೆ ಬಂದ ಮೇಲೆ ಅವರು ಆಚಾರ್ರ ಹತ್ತಿರ ಹಲಗೆಯ ದಪ್ಪ, ಡೀಸೆಲ್ ಇಂಜಿನ್ನಿನ ತೂಕ, ಮಂಜುಗಡ್ಡೆ ಇಡುವ ಜಾಗ ಎಂದೆಲ್ಲ ಕೇಳತೊಡಗಿದರು. ಪಡುಬಿದ್ರಿಯ ಮಾತು ಬರಲಿಲ್ಲ. ನಾನು ರೇಡಿಯೋದ ತಂತಿಗಳನ್ನು ಬಿಚ್ಚುತ್ತಾ ಕುಳಿತಿದ್ದೆ. ನಾಳೆಯೇ ಮಣಿಪಾಲಕ್ಕೆ ಅದನ್ನು ಮುಟ್ಟಿಸಬೇಕಿತ್ತು.

"ದೊಡ್ಡ ದೋಣಿಗೆ ಶಾಫ್ಟ್ ಕೂರಿಸುವುದು ಯಾರು?" ಎಂದು ತಾಂಡೇಲರು ಕೇಳಿದ್ದು ಕೇಳಿಸಿತು. ಮಲ್ಪೆಯಲ್ಲಿ ಅದಕ್ಕೆಂದೇ ಜನ ಇದ್ದಾರೆ ಎಂದು ಅವರೇ ಸೇರಿಸಿದರು.

ನಾನು ಮುಂದಿನ ತಂತಿಗೆ ಕೈ ಹಾಕಿದೆ.

"ಮಲ್ಪೆಯವರು ಬೇಡ" ಎಂದರು ಆಚಾರ್ರು. "ತಪ್ಪಾದರೆ ನಾನು ಕಟ್ಟಿದ ಮೈಯಲ್ಲಿ ಹುಡುಕುತ್ತಾರೆ ಅವರು. ಬಾಯಮ್ಮನೇ ಕೂರಿಸಲಿ."

ತಾಂಡೇಲರು ನನ್ನ ಕಡೆ ತಿರುಗಿದರು. "ಆಗುತ್ತದಾ ನಿಮ್ಮಿಂದ?"

"ಆಗುತ್ತದೆ" ಅಂದೆ. "ಆದರೆ ಮರ ಸೀಳುವುದು ಎಲ್ಲಿ ಅಂತ ಆಚಾರ್ರು ಹೇಳಬೇಕು."

ತಾಂಡೇಲರು ಬಿಳಿ ಅಂಗಿಗೆ ಹಾರಿದ್ದ ಹೊಳೆಯ ನೀರನ್ನು ಕೊಡವಿಕೊಂಡರು. ಹಾಗಾದರೆ ಇಬ್ಬರೂ ನಾಳೆ ಮಧ್ಯಾಹ್ನದ ಮೇಲೆ ಮನೆಗೆ ಬನ್ನಿ, ಕುಳಿತು ಮಾತಾಡುವ ಎಂದರು. ನಾನು ಮತ್ತು ಆಚಾರ್ರು ಮಾದರಿ ದೋಣಿಯನ್ನು ಎತ್ತಿಕೊಂಡು ಟೆಂಪೋದ ಕಡೆ ನಡೆದೆವು. ಅರ್ಧ ದಾರಿಯಲ್ಲಿ ಅವರು ನಿಂತು, ಪತ್ರೊಡೆಗೆ ಹುಳಿ ಹೆಚ್ಚಾಗಿತ್ತಾ ಎಂದು ಕೇಳಿದರು.